ಶೇಂಗಾ ಎಣ್ಣಿ ಬಿಡುವ ಹೊತ್ತು

ಹುರಿದ ಶೇಂಗಾವನ್ನು ಒಳಕಲ್ಲಿಗೆ ಹಾಕಿ ಕುಟ್ಟುತ್ತ ಕೂತರೆ ಒಂದು ಹೊತ್ತು ಬರುತ್ತದೆ. ಅಲ್ಲಿಯತನಕ ಕಾಳು ಕಾಳಾಗಿ ಸಿಡಿಯುತ್ತಿದ್ದದ್ದು, ಆಮೇಲೆ ರವೆಯಾಗಿ ಹಾರಿಯ ಸುತ್ತ ಸರಿದಾಡುತ್ತಿದ್ದದ್ದು, ನೋಡನೋಡುತ್ತ ಒಂದಕ್ಕೊಂದು ಕಚ್ಚಿಕೊಂಡು ಕಲ್ಲಿನ ಅಂಚಿಗೆ ಹತ್ತುತ್ತದೆ. ಸಪ್ಪಳವೇ ಬದಲಾಗುತ್ತದೆ. ಟಕ್ ಟಕ್ ಎನ್ನುತ್ತಿದ್ದ ಒಳಕಲ್ಲು ದಪ್ ದಪ್ ಎನ್ನತೊಡಗುತ್ತದೆ. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತ ಅವ್ವ ಇತ್ತ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ. ಸಪ್ಪಳ ಕೇಳಿಯೇ, "ಎಣ್ಣಿ ಬಿಡಾಕತ್ತೈತಿ, ಇನ್ನ ಬೆಲ್ಲಾ ಹಾಕ್ರಿ" ಎನ್ನುತ್ತಿದ್ದಳು.

ಆ ಮಾತು ನನಗೆ ಮತ್ತೆ ನೆನಪಾದದ್ದು ಹೋದ ಶ್ರಾವಣದಲ್ಲಿ, ಚಾಕೊಲೇಟು ಕರಗಿಸುವಾಗ.

ಸುರೇಬಾನ ನನ್ನ ತವರು. ರಾಮದುರ್ಗ ತಾಲ್ಲೂಕಿನ ಊರು. ಪಕ್ಕದ ಮನಿಹಾಳದ ಹೆಸರನ್ನೂ ಕೂಡಿಸಿಯೇ ನಮ್ಮ ಕಡೆಯ ಜನ ಇದನ್ನು ಹೇಳುವುದು ರೂಢಿ. ಪಂಚಮಿ ಬಂತೆಂದರೆ ಕೊಟ್ಟ ಮನೆಯಿಂದ ಹೆಣ್ಣುಮಕ್ಕಳೆಲ್ಲ ಬಂದು ಸೇರುವ ಮನೆಗಳು ಇಲ್ಲಿ ಇನ್ನೂ ಇವೆ, ನಮ್ಮದೂ ಅವುಗಳಲ್ಲಿ ಒಂದು. ಬೇವಿನ ಗಿಡಕ್ಕೆ ಜೋಕಾಲಿ ಬೀಳುತ್ತದೆ. ರೊಟ್ಟಿ ಹಬ್ಬಕ್ಕೆ ಸಜ್ಜಿ ರೊಟ್ಟಿ, ಜೋಳದ ಕಟಿರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ, ಮೇಲೆ ಪಲ್ಯ, ಚಟ್ನಿಪುಡಿ, ಮೊಸರು. ಓಣಿಯಲ್ಲಿ ತಾಟುಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಆಮೇಲೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ, ಬೇಸನ್ ಉಂಡಿ, ರವಾ ಉಂಡಿ, ತಂಬಿಟ್ಟು, ಅಳ್ಳಿಟ್ಟು. ಬಾಣಂತಿ ಇದ್ದ ಮನೆಯಾದರೆ ಅಂಟಿನ ಉಂಡಿಯೂ ಇರುತ್ತದೆ. ಡಬ್ಬಿಗಳ ಮುಚ್ಚಳ ತೆಗೆದರೆ ಏಲಕ್ಕಿ, ಬೆಲ್ಲ, ತುಪ್ಪದ ವಾಸನೆ ಒಟ್ಟಿಗೆ ಬಂದು ಮುಖಕ್ಕೆ ಬಡಿಯುತ್ತದೆ.

ನಾಗಪ್ಪನಿಗೆ ಹಾಲೆರೆಯುವ ದಿನ ನಮ್ಮಲ್ಲಿ ಒಲೆಯ ಮೇಲೆ ಹೆಂಚು ಇಡುವುದಿಲ್ಲ. ಹೆಂಚು ನಾಗಪ್ಪನ ಹೆಡೆ ಇದ್ದಂತೆ, ಅದನ್ನು ಕಾಸಬಾರದು ಎನ್ನುತ್ತಾರೆ. ಹೆಚ್ಚುವುದೂ ಇಲ್ಲ, ಕರಿಯುವುದೂ ಇಲ್ಲ. ಹೀಗಾಗಿ ಪಂಚಮಿಯ ಸಿಹಿ ಎಂದರೆ ಮುಂಚೆಯೇ ಹುರಿದು ಕುಟ್ಟಿ ಇಟ್ಟದ್ದು, ಇಲ್ಲವೇ ಒಲೆಯ ಹಂಗಿಲ್ಲದೆ ಕೈಯಲ್ಲೇ ಕಲಸಿ ಕಟ್ಟಿದ್ದು. ಈ ಅಡುಗೆಮನೆಯಲ್ಲಿ ಬೆಳೆದ ನನಗೆ, ಓವನ್ ಬೇಡದ ಸಿಹಿ ಎಂದು ಯಾರಾದರೂ ಹೊಸದಾಗಿ ಹೇಳಿದರೆ ಹೊಸದು ಅನ್ನಿಸುವುದೇ ಇಲ್ಲ. ನಮ್ಮ ಅವ್ವಂದಿರಿಗೆ ಓವನ್ ಯಾವತ್ತೂ ಇರಲಿಲ್ಲ. ಕೈ ಇತ್ತು, ಕಲ್ಲು ಇತ್ತು.

ಹೋದ ವರ್ಷ ಪಂಚಮಿಗೆ ನನ್ನ ತಂಗಿಯ ಮಗಳೂ ಬಂದಿದ್ದಳು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಓದು ಮುಗಿಸಿ ಬಂದವಳು. ಅಲ್ಲಿ ಚಳಿಗಾಲದ ಹಬ್ಬಕ್ಕೆ ಮನೆಮನೆಯಲ್ಲಿ ಮಾಡುವ ಒಂದು ಸಿಹಿಯನ್ನು ಕಲಿತು ಬಂದಿದ್ದಳು. ಹೆಸರು ಬಕ್ಐ. ಅರೆದ ಶೇಂಗಾಕ್ಕೆ ಸಕ್ಕರೆ ಪುಡಿ, ಬೆಣ್ಣೆ ಕಲಸಿ ಉಂಡಿ ಕಟ್ಟಿ, ಅದನ್ನು ಕರಗಿಸಿದ ಚಾಕೊಲೇಟಿನಲ್ಲಿ ಅದ್ದುತ್ತಾರೆ. ಪೂರ್ತಿ ಮುಳುಗಿಸುವುದಿಲ್ಲ. ನೆತ್ತಿಯ ಮೇಲೆ ಒಂದು ರೂಪಾಯಿಯಷ್ಟು ಜಾಗ ಬಿಡುತ್ತಾರೆ. ಆ ರಾಜ್ಯದಲ್ಲಿ ಬಕ್ಐ ಎಂಬ ಮರವಿದೆ; ಅದರ ಬೀಜ ಕಡುಕಂದು, ನಡುವೆ ಒಂದು ನಸುಬಿಳಿ ಮಚ್ಚೆ. ಗಂಡು ಜಿಂಕೆಯ ಕಣ್ಣಿನಂತೆ ಕಾಣುತ್ತದೆಂದು ಮರಕ್ಕೆ ಆ ಹೆಸರು, ಮರದ ಬೀಜದಂತೆ ಕಾಣುತ್ತದೆಂದು ಸಿಹಿಗೂ ಅದೇ ಹೆಸರು. ಅಮೆರಿಕದಲ್ಲಿ ಶೇಂಗಾ, ಚಾಕೊಲೇಟಿನ ಈ ಜೋಡಿಯನ್ನು ಅಂಗಡಿಗೆ ತಂದು ಹೆಸರುವಾಸಿ ಮಾಡಿದವನು ಪೆನ್ಸಿಲ್ವೇನಿಯಾದ ಹ್ಯಾರಿ ಬರ್ನೆಟ್ ರೀಸ್, 1928ರಲ್ಲಿ. ಬಟ್ಟಲಿನಾಕಾರದ ಚಾಕೊಲೇಟಿನೊಳಗೆ ಅರೆದ ಶೇಂಗಾ ತುಂಬಿ ಮಾರಿದ. ಅವನ ಬಟ್ಟಲು ಕಾರ್ಖಾನೆಯದು. ಬಕ್ಐ ಮಾತ್ರ ಇವತ್ತಿಗೂ ಅಡುಗೆಮನೆಯದು, ಅಂಗೈಯಲ್ಲಿ ಕಟ್ಟುವಂಥದ್ದು.

ತಂಗಿಯ ಮಗಳು ಮೊದಲ ತಟ್ಟೆಯನ್ನು ಅವ್ವನ ಮುಂದೆ ಇಟ್ಟಳು. ಎಂಬತ್ತು ದಾಟಿದ ಅವ್ವ ಒಂದನ್ನು ಎತ್ತಿ ತಿರುಗಿಸಿ ಮುರುಗಿಸಿ ನೋಡಿ ಹೇಳಿದ್ದು ಇಷ್ಟು: "ಇದು ನಮ್ಮ ಉಂಡೀನ ಐತೆಲ್ಲ. ಅಂಗಿ ತೊಟ್ಟೈತಿ, ಅಷ್ಟ."

ತಿಂದ ಮೇಲೆ ಇನ್ನೊಂದು ಮಾತು ಸೇರಿಸಿದಳು: "ಶೇಂಗಾ ಛಲೋ ಹುರಿದಿಲ್ಲ."

ಅವಳು ಹೇಳಿದ್ದು ನಿಜವಾಗಿತ್ತು. ಹುಡುಗಿ ಬಾಟಲಿಯ ಪೀನಟ್ ಬಟರ್ ಬಳಸಿದ್ದಳು. ಅದರಲ್ಲಿ ನಯವಿತ್ತು, ಸಿಹಿಯಿತ್ತು, ಎಣ್ಣೆ ಮೇಲೆ ತೇಲದಿರಲೆಂದು ಸೇರಿಸಿದ ಗಟ್ಟಿ ಕೊಬ್ಬೂ ಇತ್ತು. ಶೇಂಗಾದ ಬೆನ್ನೆಲುಬು ಇರಲಿಲ್ಲ. ಮರುದಿನ ನಾವು ಮೂವರೂ ಕೂತು ಮೊದಲಿಂದ ಮಾಡಿದೆವು. ಅಂದಿನಿಂದ ಇಂದಿನವರೆಗೆ ನಾನು ಅದನ್ನು ಹತ್ತಾರು ಸಲ ಮಾಡಿದ್ದೇನೆ. ಈ ಸಿಹಿಯಲ್ಲಿ ಚಾಕೊಲೇಟಿಗಿಂತ ಶೇಂಗಾಕ್ಕೇ ಮೊದಲ ಮಣೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಾಕೊಲೇಟು ಎಂಥದ್ದೇ ಇರಲಿ, ಒಳಗಿನ ಶೇಂಗಾ ಹಸಿಯಾಗಿದ್ದರೆ ಅಥವಾ ಸೀದಿದ್ದರೆ ಎಲ್ಲವೂ ಕೆಟ್ಟಂತೆ.

ಶೇಂಗಾದ ಮಾತು ಬಂದರೆ ನನಗೆ ಬೇಗ ಮುಗಿಸಲು ಬರುವುದಿಲ್ಲ. ಎರಿ ಹೊಲ ಜೋಳ, ಕಡಲೆ, ಹತ್ತಿಗೆ. ಮಸಾರಿ ಹೊಲ ಶೇಂಗಾಕ್ಕೆ. ಹಗುರ ಮಣ್ಣು ಬೇಕು ಅದಕ್ಕೆ, ಯಾಕೆಂದರೆ ಅದು ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಬೆಳಗಿನ ಜಾವ ಅರಳುವ ಪುಟ್ಟ ಹಳದಿ ಹೂವು ಬೇಗನೆ ಬಾಡುತ್ತದೆ. ಬಾಡಿದ ಹೂವಿನ ಬುಡದಿಂದ ಸೂಜಿಯಂಥ ಒಂದು ಕುಡಿ ಹೊರಟು ಕೆಳಗೆ ಬಾಗುತ್ತದೆ, ಬಾಗಿ ನೆಲ ಮುಟ್ಟುತ್ತದೆ, ಮುಟ್ಟಿ ಒಳಗಿಳಿಯುತ್ತದೆ. ಕತ್ತಲೆ ಸಿಕ್ಕ ಮೇಲೆಯೇ ಅದರ ತುದಿ ಉಬ್ಬಿ ಕಾಯಾಗುವುದು. ನೆಲ ಗಟ್ಟಿಯಿದ್ದರೆ ಸೂಜಿ ಇಳಿಯುವುದಿಲ್ಲ, ಸೂಜಿ ಇಳಿಯದಿದ್ದರೆ ಕಾಯಿ ಇಲ್ಲ. ಚಿಕ್ಕವಳಿದ್ದಾಗ ಹೊಲದಲ್ಲಿ ಬೋರಲಾಗಿ ಮಲಗಿ ಆ ಸೂಜಿಗಳನ್ನು ನೋಡಿದ್ದೇನೆ. ಗಿಡ ಕಿತ್ತಾಗ ಬೇರಿಗಂಟಿ ಬರುವ ಹಸಿಗಾಯಿಯ ಮಣ್ಣಿನ ವಾಸನೆ ಇಂದಿಗೂ ಮೂಗಿನಲ್ಲಿದೆ. ಹುರಿದ ಮೇಲೂ ಒಳ್ಳೆಯ ಶೇಂಗಾದಲ್ಲಿ ಆ ಮಣ್ಣಿನ ನೆನಪು ತುಸು ಉಳಿದಿರುತ್ತದೆ. ಚಾಕೊಲೇಟಿನ ಜೊತೆ ಅದು ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಾಲಿಗೆ ಹೇಳುತ್ತದೆ.

ಸಣ್ಣ ಕಾಳು ತೆಗೆದುಕೊಳ್ಳಿ. ನಮ್ಮ ಹಳೆಯ ಟಿ.ಎಂ.ವಿ-2 ತಳಿಯಂಥ, ಕಾಯಿಗೆ ಎರಡೇ ಕಾಳಿನ, ತೆಳುಸಿಪ್ಪೆಯ ಶೇಂಗಾ ಸಿಕ್ಕರೆ ಬಿಡಬೇಡಿ; ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ-4 ಸಿಕ್ಕರೂ ಆಯಿತು. ದಪ್ಪ ಕಾಳು ತಿನ್ನಲು ಚೆಂದ, ಅರೆಯಲು ಸಣ್ಣದೇ ರುಚಿ. ಮೊರದಲ್ಲಿ ಹರವಿಕೊಂಡು ಬೆಳಕಿಗೆ ಹಿಡಿದು ಆರಿಸಬೇಕು. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಒಂದೂ ಉಳಿಯಬಾರದು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ರುಚಿಯ ಲೆಕ್ಕದಲ್ಲೂ ಅಷ್ಟೇ: ನೂರು ಸಿಹಿ ಕಾಳಿನ ನಡುವೆ ಒಂದು ಕಹಿ ಕಾಳು ಸಿಕ್ಕರೆ ಬಾಯಿ ನೆನಪಿಡುವುದು ಆ ಒಂದನ್ನೇ.

ಹುರಿಯುವುದಕ್ಕೆ ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ. ಒಂದು ಹಿಡಿ ದಪ್ಪ ಉಪ್ಪು ಅಥವಾ ತೊಳೆದು ಒಣಗಿಸಿದ ಉಸುಕು ಹಾಕಿ ಹುರಿದರೆ ಕಾವು ಸಮನಾಗಿ ಹತ್ತುತ್ತದೆ, ಭಟ್ಟಿಯವರು ಮಾಡುವುದೂ ಹಾಗೆಯೇ. ಕೈ ನಿಲ್ಲಿಸುವಂತಿಲ್ಲ. ಮೊದಲು ಬರುವುದು ಹಸಿ ವಾಸನೆ, ಹಸಿ ಬಟಾಣಿಯಂಥದ್ದು. ಶೇಂಗಾ ಅದೇ ಕುಲದ್ದಲ್ಲವೇ. ಆಮೇಲೆ ಆವಿ. ಆವಿ ಹೋದ ಮೇಲೆ ಅಲ್ಲೊಂದು ಇಲ್ಲೊಂದು ಚಟಪಟ. ನಿಜವಾದ ಶೇಂಗಾ ವಾಸನೆ ಹುಟ್ಟುವುದು ಆಗ. ಓಣಿಯ ಮಕ್ಕಳು ಬಂದು ಬಾಗಿಲಲ್ಲಿ ನಿಲ್ಲುವಂಥ ವಾಸನೆ. ಒಂದು ಕಾಳು ತೆಗೆದು ಬೇಳೆ ಮಾಡಿ ನೋಡಬೇಕು. ಒಳಗೆ ಹಾಲಿನ ಬಿಳುಪು ಹೋಗಿ ಗೋಧಿಹಿಟ್ಟಿನ ಬಣ್ಣ ಬಂದಿದ್ದರೆ ತಕ್ಷಣ ಇಳಿಸಬೇಕು. ಇನ್ನೊಂದೆರಡು ನಿಮಿಷ ಇರಲಿ ಎಂದು ಆಸೆಪಟ್ಟರೆ ಕೆಟ್ಟಿತು. ಬಾಣಲೆಯಿಂದ ತೆಗೆದ ಮೇಲೂ ಕಾಳಿನ ಹೊಟ್ಟೆಯಲ್ಲಿ ಕಾವಿರುತ್ತದೆ, ಹುರಿಯುವ ಕೆಲಸ ಅಲ್ಲಿ ನಡೆದೇ ಇರುತ್ತದೆ. ನಮ್ಮ ಮನೆಯಲ್ಲಿ ಒಂದು ಸೇರಿಗೆ ಸುಮಾರು 20 ನಿಮಿಷ ಹಿಡಿಯುತ್ತದೆ, ಆದರೆ ಗಡಿಯಾರಕ್ಕಿಂತ ಮೂಗನ್ನು ನಂಬಿ.

ಪೂರ್ತಿ ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಹಾಕಿ ಕೇರಬೇಕು. ಕೆಂಪು ಸಿಪ್ಪೆ ಗಾಳಿಗೆ ಹಾರಿ ಅಂಗಳದ ತುಂಬ ಹೂವಿನ ಎಸಳು ಉದುರಿದಂತೆ ಬೀಳುತ್ತದೆ. ಇಲ್ಲಿಗೆ ಒಲೆಯ ಕೆಲಸ ಮುಗಿಯಿತು. ಪಂಚಮಿಯ ಹಿಂದಿನ ದಿನವೇ ಇಷ್ಟು ಮಾಡಿಟ್ಟುಕೊಂಡರೆ ಹಬ್ಬದ ದಿನ ಹೆಂಚಿನ ಮುಖ ನೋಡಬೇಕಿಲ್ಲ.

ಇನ್ನು ಅರೆಯುವುದು. ಶೇಂಗಾದಲ್ಲಿ ಅರ್ಧಕ್ಕೆ ಹತ್ತಿರ ಎಣ್ಣೆಯೇ. ನೂರಕ್ಕೆ 45ರಿಂದ 50ರಷ್ಟು. ಅದು ಕಾಳಿನೊಳಗಿನ ಸಣ್ಣ ಸಣ್ಣ ಕೋಶಗಳಲ್ಲಿ ಅಡಗಿ ಕೂತಿರುತ್ತದೆ. ಕುಟ್ಟಿದಾಗ ಕೋಶಗಳ ಗೋಡೆ ಒಡೆದು ಎಣ್ಣೆ ಹೊರಗೆ ಬಂದು, ಪುಡಿಯ ಒಂದೊಂದು ಕಣವನ್ನೂ ತೋಯಿಸುತ್ತದೆ. ಅವ್ವ ಕಿವಿಯಿಂದಲೇ ಗುರುತಿಸುತ್ತಿದ್ದ ಹೊತ್ತು ಇದೇ. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಜಾರಿನ ಗೋಡೆಗೆ ಹತ್ತಿದ್ದನ್ನು ಕೆರೆದು ಕೆಳಗೆ ತಳ್ಳಬೇಕು. ಪುಡಿಯಾಗುತ್ತದೆ, ಮುದ್ದೆಯಾಗುತ್ತದೆ, ಮುದ್ದೆ ಜಾರಿನಲ್ಲಿ ಗಿರಗಿರ ತಿರುಗುತ್ತದೆ. ಆಮೇಲೆ ಒಮ್ಮೆಲೇ ಸೋತು ಹೊಳಪಾಗಿ ಕೆಳಗೆ ಹರಡಿಕೊಳ್ಳುತ್ತದೆ. ಅದೇ ಪೀನಟ್ ಬಟರ್. ಒಂದು ಹನಿ ಎಣ್ಣೆ ಹೊರಗಿನಿಂದ ಬೇಡ. ನಾನು ಮಾತ್ರ ಅಲ್ಲಿಯತನಕ ಪೂರ್ತಿ ಹೋಗುವುದಿಲ್ಲ. ಮೂರರಲ್ಲಿ ಎರಡು ಪಾಲನ್ನು ನಯವಾಗಿ ಅರೆದು, ಒಂದು ಪಾಲನ್ನು ರವೆಯಾಗಿಯೇ ಬಿಡುತ್ತೇನೆ. ಹಲ್ಲಿಗೆ ಕೆಲಸ ಸಿಗದ ಉಂಡಿ ನನಗೆ ಉಂಡಿ ಅನ್ನಿಸುವುದಿಲ್ಲ.

ಬೆಲ್ಲ ನಮ್ಮ ಸೀಮೆಯಲ್ಲಿ ಚಿಂತೆಯ ಮಾತಲ್ಲ, ಮಹಾಲಿಂಗಪುರದ ಬೆಲ್ಲದ ಪೇಟೆ ದೂರವಿಲ್ಲ. ಕಂದುಬಣ್ಣದ, ಮುರಿದರೆ ಹರಳು ಹರಳಾಗುವ ಬೆಲ್ಲ ಬೇಕು. ಎರಡು ಬಟ್ಟಲು ಹುರಿದ ಶೇಂಗಾಕ್ಕೆ ಮುಕ್ಕಾಲು ಬಟ್ಟಲು ತುರಿದ ಬೆಲ್ಲ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಬೆಲ್ಲ ಸೇರಿದೊಡನೆ, ಹರಿಯುತ್ತಿದ್ದ ಶೇಂಗಾ ಬಿಗಿದುಕೊಳ್ಳುತ್ತದೆ. ಬೆಲ್ಲದಲ್ಲಿರುವ ತುಸು ತೇವವೇ ಅದನ್ನು ಹಿಡಿದು ಕಟ್ಟುತ್ತದೆ. ಸಕ್ಕರೆ ಪುಡಿಯಲ್ಲಿ ಈ ಗುಣ ಕಡಿಮೆ, ಅದಕ್ಕೇ ಒಹಾಯೊದವರು ಬೆಣ್ಣೆ ಸೇರಿಸಿ ಗಟ್ಟಿಯಾಗುವತನಕ ತಣ್ಣಗಿಡುತ್ತಾರೆ. ನಮ್ಮ ಉಂಡಿಗೆ ಬೆಣ್ಣೆಯೂ ಬೇಡ, ಪಾಕವೂ ಬೇಡ. ನಿಂಬೆಹಣ್ಣಿಗಿಂತ ಚಿಕ್ಕದಾಗಿ ಕಟ್ಟಿ, ಒಂದೇ ತುತ್ತಿಗೆ ಆಗುವಂತೆ.

ಈಗ ಅಂಗಿಯ ಮಾತು.

ಚಾಕೊಲೇಟು ಎಂದರೆ ದೂರದ ದೇಶದ್ದು ಎಂದುಕೊಂಡೇ ನಾನೂ ಬೆಳೆದೆ. ಪುತ್ತೂರಿನ ಕಡೆ ಒಂದು ಮದುವೆಗೆ ಹೋದಾಗ, ಅಡಿಕೆ ತೋಟದ ನೆರಳಿನಲ್ಲಿ ಕಾಂಡಕ್ಕೇ ಅಂಟಿಕೊಂಡು ಜೋತಾಡುವ ಕೊಕ್ಕೊ ಕಾಯಿ ನೋಡಿದ ಮೇಲೆ ಆ ಭಾವನೆ ಹೋಯಿತು. ಹಳದಿ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದು ಕೊಟ್ಟರು. ಒಳಗೆ ಬಿಳಿ ತಿರುಳು ಹೊದ್ದ ಬೀಜಗಳ ಗೊಂಚಲು. ತಿರುಳು ಸಿಹಿಹುಳಿ, ಸೀತಾಫಲಕ್ಕೆ ನಿಂಬೆ ಹಿಂಡಿದಂತೆ. ಬೀಜ ಕಚ್ಚಿದರೆ ಕಡು ಕಹಿ, ಒಗರು. ಚಾಕೊಲೇಟಿನ ಸುಳಿವೇ ಅದರಲ್ಲಿ ಇಲ್ಲ. ಬೀಜವನ್ನು ತಿರುಳಿನ ಸಮೇತ ರಾಶಿ ಹಾಕಿ ಐದಾರು ದಿನ ಮುಚ್ಚಿಟ್ಟು ಹುಳಿ ಬರಿಸಬೇಕು. ಆಮೇಲೆ ಬಿಸಿಲಿಗೆ ಒಣಗಿಸಬೇಕು, ಹುರಿಯಬೇಕು, ಸಿಪ್ಪೆ ತೆಗೆಯಬೇಕು, ಕೇರಬೇಕು, ಅರೆಯಬೇಕು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇರುವುದರಿಂದ ಅರೆಯುತ್ತ ಹೋದಂತೆ ಅದೂ ಎಣ್ಣೆ ಬಿಟ್ಟು ಹರಿಯತೊಡಗುತ್ತದೆ.

ಹುರಿಯುವುದು, ಸಿಪ್ಪೆ ತೆಗೆಯುವುದು, ಕೇರುವುದು, ಎಣ್ಣೆ ಬಿಡುವತನಕ ಅರೆಯುವುದು. ನಮ್ಮ ಅವ್ವ ಒಳಕಲ್ಲಿನ ಮುಂದೆ ಕೂತು ಮಾಡುತ್ತಿದ್ದದ್ದು ಇದೇ ಅಲ್ಲವೇ! ಎರಡೂ ಬೀಜಗಳ ತವರು ಕೂಡ ಒಂದೇ, ದಕ್ಷಿಣ ಅಮೆರಿಕ. ಕೊಕ್ಕೊ ಅಮೆಜಾನ್ ನದಿಯ ಮೇಲಣ ಕಾಡುಗಳದ್ದು, ಶೇಂಗಾ ಅದಕ್ಕಿಂತ ದಕ್ಷಿಣಕ್ಕೆ ಬೊಲಿವಿಯಾ ಸೀಮೆಯದು. ಒಂದು ನಮ್ಮ ಮಸಾರಿಗೆ ಬಂದು ಎಷ್ಟು ಕಾಲವಾಯಿತೆಂದರೆ ಅದು ಹೊರಗಿನದೆಂಬುದೇ ಮರೆತುಹೋಗಿದೆ. ಇನ್ನೊಂದು ನಮ್ಮ ತೆಂಕಣ ಸೀಮೆಯ ತೋಟಗಳಲ್ಲಿ ಈಗೀಗ ಬೇರೂರಿದೆ.

ಅದು ಬೇರೂರಿದ್ದಕ್ಕೆ ಹಿಂದೆ ರೈತರ ಕಷ್ಟವೂ ಇದೆ. 1980ರ ದಶಕದ ಮೊದಲಲ್ಲಿ ಕೊಕ್ಕೊ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಿದ್ದರು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೊ ಕೊಳ್ಳಲು ಮುಂದಾಯಿತು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಕೊಂಡ ಬೀಜಕ್ಕೆ ದಾರಿ ಬೇಕಲ್ಲ, ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಕಟ್ಟಿದರು. 1986ರಲ್ಲಿ ಅದು ಶುರುವಾಯಿತು. ಬೆಳೆದವರೇ ಒಡೆಯರಾಗಿರುವ ಕಾರ್ಖಾನೆ. ಪುತ್ತೂರಿನ ಚಾಕೊಲೇಟಿನ ಜೊತೆ ರಾಮದುರ್ಗದ ಶೇಂಗಾ ಕೂಡುವುದು ನನಗೆ ತೀರ ಪ್ರೀತಿಯ ಸಂಗತಿ.

ಚಾಕೊಲೇಟು ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಕೊಕ್ಕೊ ಬೆಣ್ಣೆ ಎಂದು ಇರಬೇಕು. ಹೈಡ್ರೋಜನೀಕರಿಸಿದ ಸಸ್ಯಕೊಬ್ಬು ಎಂದಿದ್ದರೆ ಅದು ಅಡುಗೆಯ ಕಾಂಪೌಂಡ್. ಕರಗಿಸಲು ಸಲೀಸು, ಬೇಗ ಗಟ್ಟಿಯಾಗುತ್ತದೆ, ಬೆಲೆಯೂ ಕಡಿಮೆ. ಆದರೆ ತಿಂದಾದ ಮೇಲೆ ಅಂಗುಳಕ್ಕೆ ಮೇಣ ಬಳಿದಂತೆ ಉಳಿಯುತ್ತದೆ. ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ, ನಮ್ಮ ಮೈಯ ಕಾವಿಗಿಂತ ತುಸು ಕೆಳಗೆ. ಕೈಯಲ್ಲಿ ಗಟ್ಟಿಯಾಗಿದ್ದದ್ದು ಬಾಯಿಗೆ ಹೋದೊಡನೆ ನೀರಾಗುವುದು ಈ ಒಂದು ಗುಣದಿಂದ. ಕರಗುವಾಗ ಅದು ನಾಲಿಗೆಯ ಕಾವನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಒಳ್ಳೆಯ ಚಾಕೊಲೇಟು ಬಾಯಲ್ಲಿ ಮೊದಲು ತಂಪೆನ್ನಿಸುತ್ತದೆ.

ನೂರಕ್ಕೆ 55ರಿಂದ 60ರಷ್ಟು ಕೊಕ್ಕೊ ಇರುವ ಕಪ್ಪು ಚಾಕೊಲೇಟು ಇದಕ್ಕೆ ಸರಿ. ಹಾಲಿನ ಚಾಕೊಲೇಟು ಬೆಲ್ಲದ ಜೊತೆ ಸೇರಿದರೆ ಸಿಹಿಯ ಮೇಲೆ ಸಿಹಿಯಾಗಿ ಎರಡೂ ಮಂಕಾಗುತ್ತವೆ. ಬೆಲ್ಲಕ್ಕೆ ಎದುರು ನಿಲ್ಲಲು ಒಂದು ಕಹಿ ಬೇಕು.

ಕರಗಿಸುವಾಗ ನೀರಿನ ಹನಿ ತಾಗಬಾರದು. ಬಿಸಿನೀರಿನ ಬೋಗುಣಿಯ ಮೇಲೆ ಒಣಗಿದ ಸ್ಟೀಲಿನ ಬಟ್ಟಲು ಇಟ್ಟು, ತಳ ನೀರಿಗೆ ತಾಗದಂತೆ ನೋಡಿಕೊಂಡು ಮೆಲ್ಲಗೆ ಕರಗಿಸಬೇಕು. ಆವಿ ಹಾರಿ ನಾಲ್ಕು ಹನಿ ಬಿದ್ದರೂ ಹೊಳೆಯುತ್ತಿದ್ದ ಚಾಕೊಲೇಟು ಮರಳು ಮರಳಾಗಿ ಗಂಟು ಕಟ್ಟುತ್ತದೆ. ಮೊದಲ ಸಲ ನನಗೆ ಹಾಗೇ ಆಯಿತು. ಎರಡನೆಯ ಸಲ ಬೇರೆ ಪೇಚು: ಅದ್ದಿದ್ದೆಲ್ಲ ಚೆಂದ ಬಂತು, ಮರುದಿನ ನೋಡಿದರೆ ಉಂಡಿಗಳ ಮೇಲೆ ವಿಭೂತಿ ಬಳಿದಂತೆ ಬೂದುಬಿಳುಪು. ಬೂಷ್ಟೆಂದು ಎಸೆಯಲು ಹೊರಟಿದ್ದೆ. ಅದು ಬೂಷ್ಟಲ್ಲ, ಕೊಕ್ಕೊ ಬೆಣ್ಣೆಯೇ ಮೇಲೆ ಬಂದು ಹರಳುಗಟ್ಟಿದ್ದು ಎಂದು ಹುಡುಗಿ ಹೇಳಿದಳು. ಕೊಕ್ಕೊ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟಬಲ್ಲದು. ಅದರಲ್ಲಿ ಒಂದು ಬಗೆಯ ಹರಳು ಮಾತ್ರ ಹೊಳಪನ್ನೂ ಟಕ್ಕೆಂದು ಮುರಿಯುವ ಗುಣವನ್ನೂ ಕೊಡುತ್ತದೆ. ಆ ಬಗೆಯೇ ಬೆಳೆಯುವಂತೆ ಮಾಡಲು ಒಂದು ಉಪಾಯವಿದೆ: ಮುಕ್ಕಾಲು ಪಾಲು ಚಾಕೊಲೇಟು ಕರಗಿಸಿ ಕೆಳಗಿಳಿಸಿ, ಉಳಿದ ಕಾಲು ಪಾಲನ್ನು ಸಣ್ಣಗೆ ಚೂರು ಮಾಡಿ ಅದರಲ್ಲಿ ಹಾಕಿ ಕಲಕುತ್ತ ಆರಿಸುವುದು. ಕರಗದ ಚೂರುಗಳಲ್ಲಿ ಒಳ್ಳೆಯ ಹರಳು ಇರುತ್ತದೆ, ಅದು ಉಳಿದದ್ದಕ್ಕೂ ತನ್ನ ಬಗೆಯನ್ನೇ ಕಲಿಸುತ್ತದೆ.

ಇದನ್ನು ಕೇಳಿದ ಅವ್ವ, "ಅಂದ್ರ ಹೆಪ್ಪ ಹಾಕೂದು" ಎಂದಳು.

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಹಾಲಿನ ಕಾವು ಬೆರಳಿಗೆ ಹಿತವಾಗಿದ್ದಾಗ ಹೆಪ್ಪು ಹಾಕುತ್ತೇವೆ, ಜಾಸ್ತಿ ಬಿಸಿಯಿದ್ದರೆ ಹೆಪ್ಪೇ ಸಾಯುತ್ತದೆ. ಚಾಕೊಲೇಟಿನ ನಡೆಯೂ ಅದೇ. ಕಪ್ಪು ಚಾಕೊಲೇಟು ಅದ್ದಲು 31–32 ಡಿಗ್ರಿ ಸರಿಯಾದ ಹದ. ಉಷ್ಣಮಾಪಕ ಇಲ್ಲದಿದ್ದರೆ ಒಂದು ಹನಿಯನ್ನು ಕೆಳತುಟಿಗೆ ತಾಗಿಸಿ. ಬೆಚ್ಚಗೆನ್ನಿಸದೆ ತುಸು ತಣ್ಣಗೆನ್ನಿಸಿದರೆ ಹದಕ್ಕೆ ಬಂತು.

ಉಂಡಿಯನ್ನು ಕಡ್ಡಿಗೆ ಚುಚ್ಚಿ ಮುಕ್ಕಾಲು ಭಾಗ ಅದ್ದಿ ಎತ್ತಿ, ಒಂದು ಸುತ್ತು ತಿರುಗಿಸಿ, ಹನಿ ಬೀಳುವುದು ನಿಂತ ಮೇಲೆ ತಟ್ಟೆಗಿಳಿಸಬೇಕು. ಕಡ್ಡಿ ತೆಗೆದ ತೂತನ್ನು ಬೆರಳ ತುದಿಯಿಂದ ಒತ್ತಿ ಮುಚ್ಚಿದರೆ ಕಣ್ಣು ತಯಾರು. ಶ್ರಾವಣದ ಗಾಳಿಗೆ ಅರ್ಧ ಗಂಟೆಯಲ್ಲಿ ಹೊಳಪು ಮಾಸದೆ ಗಟ್ಟಿಯಾಗುತ್ತದೆ. ಎಳ್ಳಮಾಸಿಯ ಚಳಿಯಲ್ಲಿ ಇನ್ನೂ ಬೇಗ. ಚೈತ್ರ ವೈಶಾಖದಲ್ಲಿ ಮಾತ್ರ ಈ ಉಸಾಬರಿಗೆ ಹೋಗಬೇಡಿ, ನಮ್ಮೂರಿನ ಬಿಸಿಲಿಗೆ ಅದು ಉಂಡಿಯೂ ಆಗಿ ಉಳಿಯುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಹೊರತೆಗೆದರೆ ಬೆವರುತ್ತದೆ, ಬೆವರಿದರೆ ಮೇಲ್ಮೈ ಕೆಡುತ್ತದೆ. ಕಾಲಕ್ಕೆ ತಕ್ಕ ತಿನಿಸು ಎಂದು ನಾವು ಮಾವಿಗೆ, ಸೀತನಿಗೆ ಹೇಳುತ್ತೇವಲ್ಲ, ಇದಕ್ಕೂ ಒಂದು ಕಾಲವಿದೆ. ಹೊರಗಿನ ಮಕ್ಕಳಿಗೆ ಕೊಡುವ ಮುಂಚೆ ಶೇಂಗಾ ಒಗ್ಗುತ್ತದೆಯೇ ಎಂದು ಅವರ ತಾಯಂದಿರನ್ನು ಕೇಳುವುದನ್ನೂ ಮರೆಯಬೇಡಿ, ಕೆಲವರಿಗೆ ಅದು ಅಪಾಯ.

ತಿನ್ನುವುದು ಅವಸರದ ಕೆಲಸವಲ್ಲ. ತುಟಿಗೆ ತಾಗಿದಾಗ ತಂಪು. ಹಲ್ಲಿಟ್ಟರೆ ಸಣ್ಣಗೆ ಒಂದು ಟಕ್, ಎಳೆ ಸವತೆಕಾಯಿ ಮುರಿದಷ್ಟು. ಹೊರಗಿನ ಕಹಿ ಮೊದಲು ಹರಡುತ್ತದೆ, ಅದರ ಹಿಂದೆಯೇ ಬೆಲ್ಲ ಬರುತ್ತದೆ. ಬೆಲ್ಲದ ಸಿಹಿ ಸಕ್ಕರೆಯಂತೆ ಒಮ್ಮೆಗೇ ಎರಗುವುದಿಲ್ಲ. ಕಬ್ಬಿನ, ಸುಟ್ಟ ಕೊಪ್ಪರಿಗೆಯ, ತುಸು ಉಪ್ಪಿನ ನೆರಳು ಅದರ ಹಿಂದೆ ಇರುತ್ತದೆ. ಕರಗದ ಒಂದೆರಡು ಹರಳು ಹಲ್ಲಿಗೆ ಸಿಕ್ಕಿ ಅಲ್ಲಲ್ಲಿ ಸಿಹಿ ಮಿಂಚಿ ಹೋಗುತ್ತದೆ. ಶೇಂಗಾ ಕೊನೆಗೆ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಅದರ ಎಣ್ಣೆ ಕೊಕ್ಕೊ ಬೆಣ್ಣೆಯ ಜೊತೆ ಬೆರೆತು ಅದನ್ನೂ ಮೆತ್ತಗೆ ಮಾಡುತ್ತದೆ. ಹೊರ ಅಂಗಿ ಎಲ್ಲಿ ಮುಗಿಯಿತು, ಒಳ ಉಂಡಿ ಎಲ್ಲಿ ಶುರುವಾಯಿತು ಎಂಬ ಗೆರೆ ಬಾಯಲ್ಲಿ ಅಳಿಸಿಹೋಗುವ ಗಳಿಗೆ ಒಂದಿದೆ. ನಾನು ಕಣ್ಣು ಮುಚ್ಚಿಕೊಳ್ಳುವುದು ಆಗ. ಎಲ್ಲ ಕರಗಿದ ಮೇಲೆ ರವೆಯಂತೆ ಉಳಿದ ಶೇಂಗಾ ಚೂರನ್ನು ಅಗಿಯುತ್ತ ಕೂತರೆ ಏಲಕ್ಕಿ ತಡವಾಗಿ ಮೂಗಿಗೆ ಏರುತ್ತದೆ.

ಇದಕ್ಕೆ ಗೋಡಂಬಿ, ಬಿಸ್ಕತ್ತಿನ ಪುಡಿ, ಬಣ್ಣದ ಕಾಳು, ಡಬ್ಬಿಯ ಗಟ್ಟಿಹಾಲು ಸೇರಿಸುವವರನ್ನು ಕಂಡಿದ್ದೇನೆ. ಬೇಡ. ಮೂರು ಸಾಮಾನು ಒಂದರ ಕೈ ಒಂದು ಹಿಡಿದು ನಿಂತಿರುವಾಗ ನಡುವೆ ನಾಲ್ಕನೆಯವರನ್ನು ನುಗ್ಗಿಸಬಾರದು.

ನಮ್ಮೂರ ಹತ್ತಿರದ ಶಬರಿ ಕೊಳ್ಳಕ್ಕೆ ಪಂಚಮಿಯ ಮರುದಿನ ಎಲ್ಲರೂ ಹೋಗಿದ್ದೆವು. ಗುಡ್ಡಗಳ ನಡುವಿನ ಕೊಳ್ಳ, ಶಬರಿಯ ಗುಡಿ, ನೀರಿನ ಹೊಂಡ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ, ಬಾರಿಹಣ್ಣು ಕೊಟ್ಟದ್ದು ಇಲ್ಲೇ ಎಂದು ನಮ್ಮ ಜನ ನಂಬುತ್ತಾರೆ. ಒಂದೊಂದು ಹಣ್ಣನ್ನೂ ತಾನು ಕಚ್ಚಿ ನೋಡಿ, ಹುಳಿಯಿದ್ದದ್ದನ್ನು ಬಿಟ್ಟು ಸಿಹಿಯಿದ್ದದ್ದನ್ನು ಮಾತ್ರ ಕೊಟ್ಟಳಂತೆ. ಎಂಜಲಾಯಿತೆಂಬ ಅಳುಕು ಅವಳಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು ಡಬ್ಬಿ ತೆಗೆದಾಗ ಅವ್ವ ಒಂದು ಉಂಡಿಯನ್ನು ಅರ್ಧ ಕಚ್ಚಿ ನೋಡಿ, ಉಳಿದರ್ಧವನ್ನು ಮೊಮ್ಮಗಳ ಬಾಯಿಗಿಟ್ಟಳು. "ಈಗ ಶೇಂಗಾ ಛಲೋ ಹುರಿದೈತಿ" ಎಂದಳು. ಮೊದಲ ತಟ್ಟೆಗೆ ಹೇಳಿದ ಮಾತನ್ನು ಅವಳು ಮರೆತಿರಲಿಲ್ಲ.

ಬರುವ ಪಂಚಮಿಗೆ ನಿಮ್ಮ ಮನೆಯಲ್ಲೂ ಶೇಂಗಾ ಹುರಿಯುತ್ತೀರಿ. ಉಂಡಿಗೆಂದು ಕುಟ್ಟುವಾಗ ಎರಡು ಬಟ್ಟಲು ಬೇರೆ ತೆಗೆದಿಡಿ, ನೂರೈವತ್ತು ಗ್ರಾಮ್ ಒಳ್ಳೆಯ ಚಾಕೊಲೇಟು ತನ್ನಿ. ಮನೆಯಲ್ಲಿ ಹಿರಿಯರಿದ್ದರೆ ಅರೆಯುವಾಗ ಅವರನ್ನು ಹತ್ತಿರ ಕೂಡಿಸಿಕೊಳ್ಳಿ. ಎಣ್ಣೆ ಬಿಡುವ ಹೊತ್ತು ಯಾವುದೆಂದು ಅವರು ಹೇಳುತ್ತಾರೆ.